ಪ್ರಾಥಮಿಕ ಶಾಲೆಯ ಮಕ್ಕಳಿಗೆ ಆನ್‌ಲೈನ್ ಓದು ಮತ್ತು ಹುಡುಕಾಟ: ಹಂತ ಹಂತವಾಗಿ ಒಂದು ಮಾರ್ಗದರ್ಶಿ

‘ಮಕ್ಕಳಿಗೆ ಉಪಯುಕ್ತವಾದ ನೂರು ವೆಬ್‌ಸೈಟ್‌ಗಳು’ ಅನ್ನೋ ಪಟ್ಟಿ ನಿಮ್ಮ ವಾಟ್ಸಾಪ್‌ಗೂ ಬಂದಿರುತ್ತದೆ. ಅದನ್ನು ಯಾರೂ ಪೂರ್ತಿ ತೆರೆದು ನೋಡುವುದಿಲ್ಲ. ನೋಡಿದರೆ ಕೆಲವು ಲಿಂಕ್ ತೆರೆಯುವುದೇ ಇಲ್ಲ, ಕೆಲವು ದುಡ್ಡು ಕೇಳುತ್ತವೆ. ಎಂಟು ವರ್ಷದ ಮಗುವಿಗೆ ನೂರು ತಾಣ ಬೇಕಾಗಿಯೂ ಇಲ್ಲ. ನಾಲ್ಕೈದು ಒಳ್ಳೆಯ ಜಾಗ ಗೊತ್ತಿರಬೇಕು, ಅಲ್ಲಿ ಹೋಗಿ ಏನು ಮಾಡಬೇಕು ಅನ್ನೋ ಕ್ರಮ ಗೊತ್ತಿರಬೇಕು. ತಾಣಗಳ ಹೆಸರು ಹೇಳುವುದು ಸುಲಭ, ಕ್ರಮ ಕಲಿಸುವುದು ಕಷ್ಟ. ಅದಕ್ಕೇ ಈ ಬರಹದಲ್ಲಿ ಕ್ರಮಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಒಂದು ವಿಷಯ ಮೊದಲೇ ಬೇರೆ ಮಾಡಿಕೊಳ್ಳೋಣ. ಕಥೆ ಓದುವುದು ಒಂದು ಕೆಲಸ, ಮಾಹಿತಿ ಹುಡುಕುವುದು ಇನ್ನೊಂದು. ಕಥೆ ಓದುವಾಗ ಮಗು ಒಂದೇ ಕಡೆ ನೆಟ್ಟಗೆ ಕೂರಬೇಕು. ಹುಡುಕುವಾಗ ನಾಲ್ಕು ಕಡೆ ಓಡಾಡಬೇಕು, ಅನುಮಾನ ಪಡಬೇಕು, ಬರೆದುಕೊಳ್ಳಬೇಕು. ಎರಡನ್ನೂ ಒಂದೇ ಹೊತ್ತಿನಲ್ಲಿ ಮಾಡಿಸಲು ಹೋದರೆ ಎರಡೂ ಆಗುವುದಿಲ್ಲ.

ಹಂತ 1: ಸಾಧನ ಸಿದ್ಧ ಮಾಡಿಕೊಳ್ಳಿ

ಇದು ಬೇಗ ಮುಗಿಯುವ ಕೆಲಸ. ಬ್ರೌಸರ್‌ನಲ್ಲಿ ಮಗುವಿಗೆ ಬೇರೆ ಪ್ರೊಫೈಲ್ ಮಾಡಿ. ಗೂಗಲ್ ಸೆಟ್ಟಿಂಗ್ಸ್‌ನಲ್ಲಿ ಸೇಫ್‌ಸರ್ಚ್ ಆನ್ ಮಾಡಿ. ಯೂಟ್ಯೂಬ್‌ನಲ್ಲಿ ಒಂದು ವಿಡಿಯೊ ಮುಗಿದ ಕೂಡಲೇ ಇನ್ನೊಂದು ತಾನಾಗೇ ಶುರುವಾಗುವ ಆಟೊಪ್ಲೇ ನಿಲ್ಲಿಸಿ. ನೋಟಿಫಿಕೇಶನ್ ಬಂದ್ ಮಾಡಿ. ಸೇಫ್‌ಸರ್ಚ್ ಕೆಟ್ಟ ಚಿತ್ರಗಳನ್ನು ತಡೆಯುತ್ತದೆ ಅಷ್ಟೇ. ಸುಳ್ಳು ಮಾಹಿತಿಯನ್ನು ತಡೆಯುವುದಿಲ್ಲ. ಅದಕ್ಕೆ ಬೇರೆ ಉಪಾಯ ಬೇಕು, ಮುಂದೆ ಹೇಳುತ್ತೇನೆ.

ಬುಕ್‌ಮಾರ್ಕ್‌ನಲ್ಲಿ ಎರಡು ಫೋಲ್ಡರ್ ಮಾಡಿ: ‘ಓದಲು’, ‘ಹುಡುಕಲು’. ಒಂದೊಂದರಲ್ಲೂ ಮೂರೋ ನಾಲ್ಕೋ ತಾಣ ಇದ್ದರೆ ಸಾಕು. ಕನ್ನಡ ಕೀಬೋರ್ಡ್ ಹಾಕಿ. ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್‌ನಲ್ಲಿ ಕನ್ನಡ ಸೇರಿಸಿದರೆ ಟೈಪೂ ಮಾಡಬಹುದು, ಮೈಕ್ ಒತ್ತಿ ಮಾತಾಡಿಯೂ ಬರೆಸಬಹುದು. ಒತ್ತಕ್ಷರ ಟೈಪ್ ಮಾಡಲು ಇನ್ನೂ ಬರದ ಮಕ್ಕಳಿಗೆ ಈ ಮೈಕ್ ದೊಡ್ಡ ಅನುಕೂಲ. ಆದರೆ ಅದು ಬರೆದದ್ದನ್ನು ಒಮ್ಮೆ ಓದಿ ನೋಡುವ ಅಭ್ಯಾಸ ಮಾಡಿಸಿ. ಹೆಸರುಗಳನ್ನು ಅದು ಆಗಾಗ ಏನೇನೋ ಮಾಡಿಬಿಡುತ್ತದೆ.

ಹುಡುಕಾಟಕ್ಕೆ ಫೋನಿಗಿಂತ ದೊಡ್ಡ ಪರದೆ ಒಳ್ಳೆಯದು. ಎರಡು ಪುಟಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಕಾಗುತ್ತದೆ. ಫೋನ್ ಮಾತ್ರ ಇದ್ದರೆ ಒಂದು ನೋಟ್‌ಬುಕ್ ಪಕ್ಕದಲ್ಲಿರಲಿ.

ಹಂತ 2: ಓದಲು ಒಂದು ಜಾಗ ಹಿಡಿಯಿರಿ

ಕನ್ನಡದಲ್ಲಿ ಓದುವ ಮಗುವಿಗೆ ನಾನು ಮೊದಲು ಹೇಳುವುದು ಸ್ಟೋರಿವೀವರ್. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ ಈ ತಾಣದಲ್ಲಿ ನೂರಾರು ಭಾಷೆಗಳ ಚಿತ್ರಕಥೆಗಳಿವೆ. ಕನ್ನಡದ್ದೂ ಸಾಕಷ್ಟಿವೆ. ಎಲ್ಲವೂ ಉಚಿತ. ಕಥೆಗಳು ಕ್ರಿಯೇಟಿವ್ ಕಾಮನ್ಸ್‌ನಂಥ ಮುಕ್ತ ಪರವಾನಗಿಯಲ್ಲಿ ಇರುವುದರಿಂದ ಪಿಡಿಎಫ್ ಇಳಿಸಿಕೊಂಡು ಮುದ್ರಿಸಿ ಕೊಡಲೂ ಅಡ್ಡಿಯಿಲ್ಲ, ಬರೆದವರ ಹೆಸರಿರುವ ಪುಟ ಮಾತ್ರ ತೆಗೆಯಬಾರದು.

ಇಲ್ಲಿ ಪುಸ್ತಕಗಳನ್ನು ನಾಲ್ಕು ಮಟ್ಟಗಳಲ್ಲಿ ಇಟ್ಟಿದ್ದಾರೆ. ಮೊದಲ ಮಟ್ಟದಲ್ಲಿ 250ಕ್ಕಿಂತ ಕಡಿಮೆ ಪದ, ಎರಡನೆಯದರಲ್ಲಿ 600ರವರೆಗೆ, ಮೂರನೆಯದರಲ್ಲಿ 1500ರವರೆಗೆ, ನಾಲ್ಕನೆಯದು ಅದಕ್ಕೂ ಉದ್ದ. ಈ ಲೆಕ್ಕವನ್ನು ಕನ್ನಡಕ್ಕೆ ಹಾಗೇ ನಂಬಬೇಡಿ. ನಮ್ಮ ಪದಗಳು ಉದ್ದ. ಇಂಗ್ಲಿಷ್‌ನಲ್ಲಿ ಮೂರ್ನಾಲ್ಕು ಪದ ಆಗುವುದು ಇಲ್ಲಿ ಒಂದೇ ಪದದಲ್ಲಿ ಮುಗಿದುಬಿಡುತ್ತದೆ. ಪದ ಕಡಿಮೆ ಕಂಡರೂ ಓದು ಸುಲಭ ಅಂತಲ್ಲ. ಮಗುವಿಗೆ ತೊಡಕಾಗುವುದು ಒತ್ತಕ್ಷರ ಮತ್ತು ಸಂಧಿಯಾಗಿ ಸೇರಿಕೊಂಡ ಪದಗಳು. ಹಾಗಾಗಿ ಕೊಡುವ ಮುಂಚೆ ನೀವು ಎರಡು ಪುಟ ತಿರುವಿ ನೋಡಿ. ಒಂದು ಪುಟದಲ್ಲಿ ಐದು ಕಡೆ ಮಗು ತಡವರಿಸಿದರೆ ಆ ಪುಸ್ತಕವನ್ನು ನೀವು ಓದಿ ಹೇಳಿ. ಎರಡು ಕಡೆಯಾದರೆ ಮಗುವೇ ಓದಲಿ.

ಇನ್ನೊಂದು ಗಮನಿಸಬೇಕು. ಸ್ಟೋರಿವೀವರ್‌ನಲ್ಲಿ ಯಾರು ಬೇಕಾದರೂ ಕಥೆ ಬರೆಯಬಹುದು, ಅನುವಾದ ಮಾಡಬಹುದು. ಅದರ ಒಳ್ಳೆಯತನವೂ ಅದೇ, ತೊಂದರೆಯೂ ಅದೇ. ಕೆಲವು ಕನ್ನಡ ಅನುವಾದಗಳು ಓದಲು ಮುಳ್ಳುಮುಳ್ಳಾಗಿರುತ್ತವೆ. ಪ್ರಕಾಶಕರ ಹೆಸರಿನಿಂದ ಹುಡುಕಿದರೆ, ಇಲ್ಲವೇ ತಾಣದವರೇ ಶಿಫಾರಸು ಮಾಡಿದ ಗುರುತು ಇರುವ ಪುಸ್ತಕಗಳನ್ನು ಹಿಡಿದರೆ ಭಾಷೆ ಚೆನ್ನಾಗಿರುವ ಸಾಧ್ಯತೆ ಹೆಚ್ಚು.

ಕೆಲವು ಪುಸ್ತಕಗಳಿಗೆ ಧ್ವನಿ ಇದೆ. ಓದುವ ದನಿಯ ಜೊತೆಗೆ ಅದೇ ಪದ ಬಣ್ಣದಲ್ಲಿ ಹೊಳೆಯುತ್ತದೆ. ಅಕ್ಷರ ಗೊತ್ತು, ಸರಾಗವಾಗಿ ಓದಲು ಬರಲ್ಲ ಅನ್ನೋ ಮಕ್ಕಳಿಗೆ ಇದು ತುಂಬಾ ಕೆಲಸಕ್ಕೆ ಬರುತ್ತದೆ. ಮೊದಲ ಸಲ ಕೇಳಿಸಿಕೊಳ್ಳಲಿ. ಎರಡನೇ ಸಲ ದನಿಯ ಜೊತೆ ಓದಲಿ. ಮೂರನೇ ಸಲ ದನಿ ಬಂದ್ ಮಾಡಿ.

ಇಂಗ್ಲಿಷ್ ಓದಿಗೆ ಬೇಕಾದಷ್ಟು ದಾರಿಗಳಿವೆ. ಆಫ್ರಿಕನ್ ಸ್ಟೋರಿಬುಕ್ ಮತ್ತು ಬುಕ್ ಡ್ಯಾಶ್ ತಾಣಗಳಲ್ಲಿ ಸರಳ ಇಂಗ್ಲಿಷ್‌ನ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಏಷ್ಯಾ ಫೌಂಡೇಶನ್‌ನ ಲೆಟ್ಸ್ ರೀಡ್‌ನಲ್ಲಿ ಏಷ್ಯಾದ ಹಲವು ಭಾಷೆಗಳಿವೆ. ಸ್ಟೋರಿಲೈನ್ ಆನ್‌ಲೈನ್‌ನಲ್ಲಿ ನಟನಟಿಯರು ಮಕ್ಕಳ ಪುಸ್ತಕಗಳನ್ನು ಗಟ್ಟಿಯಾಗಿ ಓದುತ್ತಾರೆ, ಉಚ್ಚಾರಣೆ ಕಿವಿಗೆ ಬೀಳಲು ಚೆನ್ನಾಗಿದೆ. 1971ರಲ್ಲಿ ಶುರುವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಅದು ದೊಡ್ಡ ಭಂಡಾರ, ನಿಜ. ಆದರೆ ಅಲ್ಲಿರುವುದು ಹೆಚ್ಚಾಗಿ ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳು. ಆ ಹಳೆಯ ಇಂಗ್ಲಿಷ್ ಮೂರನೇ ಕ್ಲಾಸಿನ ಮಗುವಿಗೆ ರುಚಿಸುವುದಿಲ್ಲ. ಸದ್ಯಕ್ಕೆ ಬಿಡಿ.

ಹಂತ 3: ಪರದೆಯ ಮೇಲೆ ಓದುವುದನ್ನು ಕಲಿಸಿ

ಪರದೆಯಲ್ಲಿ ಓದಿದ್ದು ತಲೆಗೆ ಹೋಗುತ್ತದಾ ಅನ್ನೋ ಅನುಮಾನ ಎಲ್ಲರಿಗೂ ಇದೆ. ಅನುಮಾನಕ್ಕೆ ಕಾರಣವೂ ಇದೆ. ಎಂಟು ವರ್ಷದವರೆಗಿನ ಮಕ್ಕಳ ಮೇಲೆ ನಡೆದ 39 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಒಂದು ಸಮೀಕ್ಷೆ 2021ರಲ್ಲಿ ಬಂತು. ಕಾಗದದ ಪುಸ್ತಕವನ್ನೇ ಸುಮ್ನೆ ಪರದೆಗೆ ಹಾಕಿದರೆ ಮಕ್ಕಳಿಗೆ ಕಥೆ ಅರ್ಥವಾಗುವುದು ಕಡಿಮೆ ಅಂತ ಅದು ಹೇಳಿತು. ಆದರೆ ಪರದೆಯಲ್ಲಿನ ದನಿ, ಚಿತ್ರದ ಚಲನೆ ಇವೆಲ್ಲ ಕಥೆಗೇ ಸಹಾಯ ಮಾಡುವಂತಿದ್ದರೆ ಪರದೆಯ ಪುಸ್ತಕವೇ ಮುಂದೆ ಬಂತು. ಪದ ಮುಟ್ಟಿದರೆ ಅರ್ಥ ತೋರಿಸುವ ನಿಘಂಟು ಪದ ಕಲಿಯಲು ಒಳ್ಳೆಯದು, ಕಥೆ ಹಿಡಿಯಲು ಅಲ್ಲ ಅನ್ನೋದು ಅದರ ಇನ್ನೊಂದು ಮಾತು.

ಇದನ್ನು ನಾವು ಹೀಗೆ ಬಳಸಬಹುದು. ಮೊದಲ ಓದಿನಲ್ಲಿ ಏನನ್ನೂ ಮುಟ್ಟುವಂತಿಲ್ಲ. ಗೊತ್ತಿಲ್ಲದ ಪದ ಬಂದರೂ ಮುಂದೆ ಹೋಗಬೇಕು. ಎರಡನೇ ಓದಿನಲ್ಲಿ ಪದಗಳಿಗೆ ನಿಲ್ಲಬಹುದು. ಚಿತ್ರ ಮುಟ್ಟಿದರೆ ಕುಣಿಯುವ, ಆಟ ಆಡಿಸುವ ಪುಸ್ತಕಗಳನ್ನು ಓದು ಅಂತ ಲೆಕ್ಕ ಹಾಕಬೇಡಿ. ಅದು ಆಟ. ಆಡಲಿ, ತಪ್ಪೇನಿಲ್ಲ.

ಪಕ್ಕದಲ್ಲಿ ದೊಡ್ಡವರು ಕೂತು ಮಾತಾಡಿದರೆ ಆಗುವ ಉಪಯೋಗ ಯಾವ ಆ್ಯಪ್‌ನಿಂದಲೂ ಆಗುವುದಿಲ್ಲ. ‘ಮುಂದೆ ಏನಾಗಬಹುದು?’, ‘ಅವನು ಯಾಕೆ ಹಾಗೆ ಮಾಡಿದ?’ ಅಂತ ಎರಡು ಸಲ ಕೇಳಿ. ಪರೀಕ್ಷೆಯ ಥರ ಹತ್ತು ಪ್ರಶ್ನೆ ಕೇಳಿದರೆ ನಾಳೆ ಮಗು ಪುಸ್ತಕದ ಹತ್ತಿರವೇ ಬರುವುದಿಲ್ಲ.

ಹಂತ 4: ಹುಡುಕುವ ಮುಂಚೆ ಪ್ರಶ್ನೆ

ಈಗ ಹುಡುಕಾಟಕ್ಕೆ ಬರೋಣ. ‘ಆಕ್ಟೋಪಸ್ ಬಗ್ಗೆ ಬರೆದುಕೊಂಡು ಬಾ’ ಅಂತ ಶಾಲೆಯಲ್ಲಿ ಹೇಳಿದ್ದಾರೆ ಅಂದುಕೊಳ್ಳಿ. ಸಾಮಾನ್ಯವಾಗಿ ಏನಾಗುತ್ತದೆ? ಗೂಗಲ್‌ನಲ್ಲಿ ‘ಆಕ್ಟೋಪಸ್’ ಅಂತ ಹಾಕುವುದು, ಮೊದಲು ಬಂದ ಪುಟ ತೆರೆಯುವುದು, ಮೊದಲ ಪ್ಯಾರಾ ಇಳಿಸಿಕೊಳ್ಳುವುದು. ಬರೆದ ಮಗುವಿಗೆ ಅದರಲ್ಲಿ ಒಂದು ಸಾಲೂ ಅರ್ಥವಾಗಿರುವುದಿಲ್ಲ. ಇದು ಮಗುವಿನ ತಪ್ಪಲ್ಲ. ‘ಆಕ್ಟೋಪಸ್’ ಅನ್ನೋದು ಪ್ರಶ್ನೆಯೇ ಅಲ್ಲವಲ್ಲ.

ಹಾಗಾಗಿ ಮೊದಲು ಪರದೆ ಮುಚ್ಚಿಡಿ. ಒಂದು ಹಾಳೆ ತೆಗೆದುಕೊಳ್ಳಿ. ಮಗುವಿಗೆ ಈಗಾಗಲೇ ಗೊತ್ತಿರುವುದನ್ನು ಒಂದು ಕಡೆ ಬರೆಯಲಿ: ಎಂಟು ಕೈ ಇದೆ, ಸಮುದ್ರದಲ್ಲಿ ಇರುತ್ತದೆ, ಮಸಿ ಉಗುಳುತ್ತದೆ. ಇನ್ನೊಂದು ಕಡೆ ಗೊತ್ತಿಲ್ಲದ್ದು, ಕುತೂಹಲ ಇರುವುದು. ‘ಅದಕ್ಕೆ ಮೂಳೆ ಇದೆಯಾ?’, ‘ರಕ್ತ ಯಾವ ಬಣ್ಣ?’, ‘ಎಷ್ಟು ವರ್ಷ ಬದುಕುತ್ತೆ?’, ‘ಮೂರು ಹೃದಯ ಅಂತಾರಲ್ಲ, ಯಾಕೆ ಮೂರು?’ ಈ ಎರಡನೇ ಪಟ್ಟಿಯೇ ಇಡೀ ಕೆಲಸದ ಜೀವ. ಇದಕ್ಕೆ ಎಷ್ಟು ಹೊತ್ತು ಹೋದರೂ ಚಿಂತೆಯಿಲ್ಲ.

ಪ್ರಶ್ನೆಗಳಲ್ಲೂ ಜಾತಿ ಇವೆ. ‘ಎಷ್ಟು ವರ್ಷ’ ಅನ್ನೋದಕ್ಕೆ ಒಂದು ಸಂಖ್ಯೆ ಸಿಕ್ಕರೆ ಮುಗಿಯಿತು. ‘ಯಾಕೆ ಮೂರು’ ಅನ್ನೋದಕ್ಕೆ ಓದಿ ಅರ್ಥ ಮಾಡಿಕೊಳ್ಳಬೇಕು. ‘ನಮ್ಮ ಹೃದಯಕ್ಕೂ ಅದರ ಹೃದಯಕ್ಕೂ ಏನು ವ್ಯತ್ಯಾಸ’ ಅನ್ನೋದಕ್ಕೆ ಎರಡು ಕಡೆ ಓದಬೇಕು. ಮೊದಲನೇ, ಎರಡನೇ ಕ್ಲಾಸಿನವರಿಗೆ ಸಂಖ್ಯೆಯ ಪ್ರಶ್ನೆ ಎರಡು, ‘ಯಾಕೆ’ಯ ಪ್ರಶ್ನೆ ಒಂದು ಸಾಕು. ನಾಲ್ಕು, ಐದನೇ ಕ್ಲಾಸಿನವರು ‘ಯಾಕೆ’, ‘ಹೇಗೆ’ಗಳಿಂದಲೇ ಶುರು ಮಾಡಲಿ, ಕೊನೆಗೊಂದು ಹೋಲಿಕೆಯ ಪ್ರಶ್ನೆ ಇರಲಿ. ಮೂರು ಪ್ರಶ್ನೆ ದಾಟಬೇಡಿ. ಹತ್ತು ಪ್ರಶ್ನೆ ಇಟ್ಟುಕೊಂಡರೆ ಮಗು ಉತ್ತರ ತುಂಬಿಸುವ ಗುಮಾಸ್ತನಾಗಿಬಿಡುತ್ತದೆ.

ಒಂದು ಸಣ್ಣ ಮಾತು. ಮಗುವಿನ ಪ್ರಶ್ನೆ ನಿಮಗೆ ಪೆದ್ದುಪೆದ್ದಾಗಿ ಕಂಡರೂ ತಿದ್ದಬೇಡಿ. ‘ಆಕ್ಟೋಪಸ್‌ಗೆ ಬಲಗೈ ಎಡಗೈ ಇದೆಯಾ?’ ಅಂತ ಕೇಳಿದರೆ ಅದನ್ನೇ ಬರೆಸಿ. ಒಂದೊಂದು ಕೈಯನ್ನು ಒಂದೊಂದು ಕೆಲಸಕ್ಕೆ ಅದು ಜಾಸ್ತಿ ಬಳಸುತ್ತದಾ ಅಂತ ವಿಜ್ಞಾನಿಗಳೇ ಅಧ್ಯಯನ ಮಾಡಿದ್ದಾರೆ.

ಹಂತ 5: ಹುಡುಕುವ ಪದ ಆರಿಸಿ

ಪ್ರಶ್ನೆಯಿಂದ ಹುಡುಕುವ ಪದ ತೆಗೆಯುವುದನ್ನು ಕೈಹಿಡಿದು ಕಲಿಸಬೇಕು. ‘ಆಕ್ಟೋಪಸ್‌ಗೆ ಮೂರು ಹೃದಯ ಯಾಕೆ ಇರುತ್ತೆ’ ಅನ್ನೋದರಲ್ಲಿ ಮುಖ್ಯ ಪದ ಯಾವುವು? ಆಕ್ಟೋಪಸ್, ಹೃದಯ, ಮೂರು. ಮಗುವೇ ಪ್ರಶ್ನೆಯಲ್ಲಿ ಗೆರೆ ಎಳೆಯಲಿ. ಈಗಿನ ಸರ್ಚ್ ಎಂಜಿನ್‌ಗಳಿಗೆ ಪೂರ್ತಿ ಪ್ರಶ್ನೆ ಕೊಟ್ಟರೂ ಅರ್ಥವಾಗುತ್ತದೆ, ಅದು ಸರಿ. ಆದರೆ ಗೆರೆ ಎಳೆದ ಮಗುವಿಗೆ ತಾನು ಏನು ಹುಡುಕುತ್ತಿದ್ದೇನೆ ಅಂತ ನೆನಪಿರುತ್ತದೆ. ದಾರಿ ತಪ್ಪುವುದು ಕಡಿಮೆ.

ಕನ್ನಡದಲ್ಲಿ ಹುಡುಕಿದಾಗ ಸಿಗುವುದು ಕಡಿಮೆ, ಅದನ್ನು ಒಪ್ಪಿಕೊಂಡು ಮುಂದೆ ಹೋಗೋಣ. ಒಂದೇ ಹೆಸರನ್ನು ನಾವು ಹತ್ತು ಥರ ಬರೆಯುತ್ತೇವೆ: ಆಕ್ಟೋಪಸ್, ಅಕ್ಟೋಪಸ್, ಆಕ್ಟೊಪಸ್. ಒಂದರಲ್ಲಿ ಸಿಗದಿದ್ದರೆ ಇನ್ನೊಂದು ಹಾಕಿ ನೋಡಲು ಹೇಳಿ.

ಕನ್ನಡದಿಂದ ಇಂಗ್ಲಿಷ್‌ಗೆ ದಾಟಲು ಒಂದು ಒಳ್ಳೆಯ ಸೇತುವೆ ಇದೆ, ತುಂಬಾ ಜನ ಬಳಸುವುದೇ ಇಲ್ಲ. ಕನ್ನಡ ವಿಕಿಪೀಡಿಯದಲ್ಲಿ ‘ಮುಂಗುಸಿ’ ಅಂತ ಹುಡುಕಿ, ಪುಟ ಸಿಕ್ಕರೆ ಅಲ್ಲಿ ಭಾಷೆಗಳ ಪಟ್ಟಿ ತೆರೆಯಿರಿ. ಅದರಲ್ಲಿ ಇಂಗ್ಲಿಷ್ ಒತ್ತಿದರೆ ಅದೇ ಪ್ರಾಣಿಯ ಇಂಗ್ಲಿಷ್ ಪುಟಕ್ಕೆ ಹೋಗುತ್ತೀರಿ. ಇಂಗ್ಲಿಷ್ ಹೆಸರು, ವೈಜ್ಞಾನಿಕ ಹೆಸರು ಎರಡೂ ಕೈಗೆ ಸಿಗುತ್ತವೆ. ಅನುವಾದ ಯಂತ್ರ ಕೊಡುವ ಪದಕ್ಕಿಂತ ಇದು ನಂಬಿಕೆಗೆ ಹತ್ತಿರ, ಯಾಕೆಂದರೆ ಒಂದೇ ವಿಷಯದ ಪುಟಗಳನ್ನು ಜನರೇ ನೋಡಿ ಜೋಡಿಸಿರುತ್ತಾರೆ. ಬಿಡಿ ಪದಗಳಿಗೆ ‘ಅಲರ್’ ನಿಘಂಟು ಇದೆ. ವಿ. ಕೃಷ್ಣ ಅವರು ವರ್ಷಗಟ್ಟಲೆ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷ ಕನ್ನಡ ಪದಗಳಿವೆ, ಆನ್‌ಲೈನ್‌ನಲ್ಲಿ ಉಚಿತ.

ಮಕ್ಕಳ ಸರ್ಚ್ ಎಂಜಿನ್ ಅಂತ ಕಿಡ್ಡಲ್ ಹೆಸರು ಆಗಾಗ ಕೇಳುತ್ತದೆ. ನೋಡಲು ಗೂಗಲ್ ಥರವೇ ಇದ್ದರೂ ಅದು ಗೂಗಲ್ ಕಂಪನಿಯದ್ದಲ್ಲ, ಗೂಗಲ್‌ನ ಹುಡುಕಾಟವನ್ನು ಬಳಸಿಕೊಳ್ಳುತ್ತದೆ ಅಷ್ಟೇ. ಇಂಗ್ಲಿಷ್ ಓದುವ ಮಗುವಿಗೆ ದೊಡ್ಡ ಚಿತ್ರಗಳಿಂದ ಅನುಕೂಲ. ಕನ್ನಡದ ಹುಡುಕಾಟಕ್ಕೆ ಅದರಿಂದ ಉಪಯೋಗವಿಲ್ಲ.

ಹಂತ 6: ಯಾವ ಪ್ರಶ್ನೆಗೆ ಯಾವ ಜಾಗ

ಮೊದಲ ಪರಿಚಯಕ್ಕೆ ವಿಶ್ವಕೋಶ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಕೆಲವು ಪುಟಗಳು ಚೆನ್ನಾಗಿವೆ, ಕೆಲವು ಎರಡೇ ಸಾಲಿನವು. ಪುಸ್ತಕ, ಬರಹಗಳನ್ನು ಉಚಿತವಾಗಿ ಓದಲು ಇಡುವ ಕನ್ನಡ ವಿಕಿಸೋರ್ಸ್ ತಾಣದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ವಿಶ್ವಕೋಶದ ಬರಹಗಳು ಸಿಗುತ್ತವೆ. ಅವು ಗಟ್ಟಿ ಸರಕು. ಆದರೆ ಭಾಷೆ ಭಾರ, ಕೆಲವು ಅಂಕಿಅಂಶ ಹಳೆಯವು. ನೀವು ಓದಿಕೊಂಡು ಮಗುವಿಗೆ ಬಾಯಲ್ಲಿ ಹೇಳಿದರೆ ಚೆನ್ನ.

ಇಂಗ್ಲಿಷ್‌ನಲ್ಲಿ ಮಾಮೂಲಿ ವಿಕಿಪೀಡಿಯಕ್ಕಿಂತ ‘ಸಿಂಪಲ್ ಇಂಗ್ಲಿಷ್ ವಿಕಿಪೀಡಿಯ’ಕ್ಕೆ ಹೋಗಿ. ಅದೇ ಭಾಷೆಗಳ ಪಟ್ಟಿಯಲ್ಲಿ ಅದೂ ಇರುತ್ತದೆ. ಸಣ್ಣ ವಾಕ್ಯ, ಸುಲಭ ಪದ. ಎಂಟರಿಂದ ಹದಿಮೂರು ವರ್ಷದವರಿಗೆಂದೇ ಇರುವ ವಿಕಿಡಿಯಾ ಕೂಡ ಇದೆ, ಅದರ ಇಂಗ್ಲಿಷ್ ಆವೃತ್ತಿ ಇನ್ನೂ ಚಿಕ್ಕದು. ಬ್ರಿಟಾನಿಕಾ ಕಿಡ್ಸ್‌ನಲ್ಲಿ ಒಂದೇ ವಿಷಯವನ್ನು ಬೇರೆಬೇರೆ ವಯಸ್ಸಿಗೆ ತಕ್ಕಂತೆ ಬರೆದಿದ್ದಾರೆ. ಪೂರ್ತಿ ಓದಲು ಚಂದಾ ಕೇಳಿದರೂ ಉಚಿತವಾಗಿ ಸಿಗುವ ಭಾಗವೇ ಚಿಕ್ಕ ಮಕ್ಕಳಿಗೆ ಎಷ್ಟೋ ಸಲ ಸಾಕಾಗುತ್ತದೆ.

ಅದಾದ ಮೇಲೆ ಆ ವಿಷಯವನ್ನೇ ಕಸುಬು ಮಾಡಿಕೊಂಡವರ ತಾಣ. ಇದು ನನ್ನ ಗಟ್ಟಿ ಅಭಿಪ್ರಾಯ: ‘ಮಕ್ಕಳಿಗಾಗಿ ಹತ್ತು ಅಚ್ಚರಿಗಳು’ ಥರದ ಪುಟಗಳಿಗಿಂತ ಒಂದು ಮತ್ಸ್ಯಾಲಯದ ಪುಟ ಮೇಲು. ನಮ್ಮ ಆಕ್ಟೋಪಸ್‌ಗೆ ಮಾಂಟೆರೆ ಬೇ ಅಕ್ವೇರಿಯಂ ತಾಣದಲ್ಲಿ ಪ್ರಾಣಿಗಳ ಪುಟಗಳಿವೆ, ತೊಟ್ಟಿಗಳ ಮುಂದೆ ಇಟ್ಟ ನೇರಪ್ರಸಾರದ ಕ್ಯಾಮೆರಾಗಳೂ ಇವೆ. ಗ್ರಹ, ನಕ್ಷತ್ರಗಳಿಗೆ ನಾಸಾದ ‘ಸ್ಪೇಸ್ ಪ್ಲೇಸ್’. ಹಕ್ಕಿಗಳಿಗೆ ಕಾರ್ನೆಲ್ ವಿಶ್ವವಿದ್ಯಾಲಯದ ‘ಆಲ್ ಅಬೌಟ್ ಬರ್ಡ್ಸ್’, ಕೂಗನ್ನೂ ಕೇಳಿಸಿಕೊಳ್ಳಬಹುದು. ಅದರಲ್ಲಿ ಉತ್ತರ ಅಮೆರಿಕದ ಹಕ್ಕಿಗಳೇ ಜಾಸ್ತಿ. ಬೇರೆ ಕಡೆಯವಕ್ಕೆ ಅವರದೇ ‘ಮರ್ಲಿನ್’ ಆ್ಯಪ್ ನೋಡಿ. ಅಂಗಳದ ಗಿಡ, ಹುಳುಗಳ ಹೆಸರು ತಿಳಿಯಲು ‘ಸೀಕ್’ ಆ್ಯಪ್ ಇದೆ. ಕ್ಯಾಮೆರಾ ಹಿಡಿದರೆ ಯಾವ ಜೀವಿ ಅಂತ ಹೇಳಲು ನೋಡುತ್ತದೆ, ಖಾತೆ ತೆರೆಯಬೇಕಾಗಿಲ್ಲ. ಕಲೆ, ಇತಿಹಾಸಕ್ಕೆ ಗೂಗಲ್ ಆರ್ಟ್ಸ್ ಆ್ಯಂಡ್ ಕಲ್ಚರ್, ಜಾಗಗಳಿಗೆ ಗೂಗಲ್ ಅರ್ತ್.

ಇವನ್ನೆಲ್ಲ ಒಟ್ಟಿಗೆ ಮಗುವಿನ ಮುಂದೆ ಸುರಿಯಬೇಡಿ. ಈ ಸಲದ ವಿಷಯಕ್ಕೆ ಒಂದು ವಿಶ್ವಕೋಶ, ಒಂದು ತಜ್ಞರ ತಾಣ. ಎರಡೇ.

ಹಂತ 7: ನಂಬಬಹುದಾ ಅಂತ ನೋಡಿ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಡುಗಳಲ್ಲಿ ಮರದ ಮೇಲೆ ಬದುಕುವ ಆಕ್ಟೋಪಸ್ (ಪೆಸಿಫಿಕ್ ನಾರ್ತ್‌ವೆಸ್ಟ್ ಟ್ರೀ ಆಕ್ಟೋಪಸ್) ಇದೆ ಅಂತ ಒಂದು ವೆಬ್‌ಸೈಟ್ ಇದೆ. ಚಿತ್ರಗಳಿವೆ, ಜೀವನಚಕ್ರದ ವಿವರ ಇದೆ, ಅದು ಅಳಿವಿನಂಚಿನಲ್ಲಿದೆ, ಉಳಿಸಿ ಅನ್ನೋ ಮನವಿಯೂ ಇದೆ. ಪೂರ್ತಿ ಸುಳ್ಳು. 1998ರಲ್ಲಿ ತಮಾಷೆಗೆ ಅಂತ ಮಾಡಿದ್ದು. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಏಳನೇ ತರಗತಿಯ ಮಕ್ಕಳಿಗೆ ತೋರಿಸಿದಾಗ ಹೆಚ್ಚುಕಡಿಮೆ ಎಲ್ಲರೂ ನಂಬಿದರು. ಅವರು ಆನ್‌ಲೈನ್‌ನಲ್ಲಿ ಚೆನ್ನಾಗಿ ಓದಬಲ್ಲರು ಅಂತಲೇ ಆರಿಸಿದ್ದ ಮಕ್ಕಳು. ಹಾಗಾಗಿ ‘ನಮ್ಮ ಹುಡುಗ ಫೋನ್‌ನಲ್ಲಿ ಶಾಣ್ಯಾ’ ಅನ್ನೋ ಸಮಾಧಾನ ಇಟ್ಟುಕೊಳ್ಳಬೇಡಿ. ಫೋನ್ ನಡೆಸಲು ಬರುವುದಕ್ಕೂ ಸುಳ್ಳು ಹಿಡಿಯಲು ಬರುವುದಕ್ಕೂ ಸಂಬಂಧವಿಲ್ಲ.

ಈ ತಾಣವನ್ನೇ ಪಾಠಕ್ಕೆ ಬಳಸಿ. ಮಗುವಿಗೆ ಮೊದಲು ಏನೂ ಹೇಳದೆ ತೋರಿಸಿ. ಆಮೇಲೆ ‘ಇದನ್ನು ಬೇರೆ ಯಾರಾದರೂ ಹೇಳಿದ್ದಾರಾ ನೋಡೋಣ’ ಅಂತ ಹೊಸ ಟ್ಯಾಬ್ ತೆರೆಯಿರಿ. ಹೊಸ ಟ್ಯಾಬ್, ಇದೇ ಗುಟ್ಟು. ಅನುಭವಿ ಫ್ಯಾಕ್ಟ್ ಚೆಕ್ಕರ್‌ಗಳು ಒಂದು ಪುಟವನ್ನೇ ಮೇಲಿಂದ ಕೆಳಗೆ ಓದಿ ತೀರ್ಪು ಕೊಡುವುದಿಲ್ಲ, ತಕ್ಷಣ ಬೇರೆ ಟ್ಯಾಬ್‌ಗಳಲ್ಲಿ ಆ ತಾಣದ ಬಗ್ಗೆ ಬೇರೆಯವರು ಏನು ಹೇಳಿದ್ದಾರೆ ಅಂತ ನೋಡುತ್ತಾರೆ ಅನ್ನೋದನ್ನು ಸ್ಟ್ಯಾನ್‌ಫರ್ಡ್ ಸಂಶೋಧಕರು ಗಮನಿಸಿದ್ದಾರೆ. ಪುಟ ಚೆಂದ ಇದೆಯಾ, ಕಾಗುಣಿತ ಸರಿ ಇದೆಯಾ ಅನ್ನೋದರಿಂದ ಏನೂ ಗೊತ್ತಾಗುವುದಿಲ್ಲ. ಸುಳ್ಳು ಪುಟ ಮಾಡುವವರೂ ಚೆಂದವಾಗೇ ಮಾಡುತ್ತಾರೆ.

ಅರ್ಧ ಸತ್ಯ ಹಿಡಿಯುವುದು ಇನ್ನೂ ಕಷ್ಟ. ‘ಆಕ್ಟೋಪಸ್‌ಗೆ ಒಂಬತ್ತು ಮೆದುಳು’ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ತಜ್ಞರ ಪುಟದಲ್ಲಿ ವಿಷಯ ಬೇರೆಯೇ ಇರುತ್ತದೆ: ಮೆದುಳು ಒಂದೇ, ಆದರೆ ಆಕ್ಟೋಪಸ್‌ನ ಸುಮಾರು 50 ಕೋಟಿ ನರಕೋಶಗಳಲ್ಲಿ ಮೂರನೇ ಎರಡು ಭಾಗ ಕೈಗಳಲ್ಲೇ ಇದೆ, ಒಂದೊಂದು ಕೈಯೂ ತಕ್ಕಮಟ್ಟಿಗೆ ತಾನೇ ಕೆಲಸ ಮಾಡುತ್ತದೆ. ಇದನ್ನೇ ಯಾರೋ ಎಂಟು ಕೈಗೆ ಎಂಟು ಮೆದುಳು ಸೇರಿಸಿ ಒಂಬತ್ತು ಮಾಡಿದ್ದಾರೆ. ಮಗುವಿಗೆ ಈ ವ್ಯತ್ಯಾಸ ತೋರಿಸಿ. ‘ಅಚ್ಚರಿ’ ಅಂತ ಕೂಗಿ ಹೇಳುವ ಸಾಲುಗಳನ್ನು ಇನ್ನೊಂದು ಕಡೆ ನೋಡದೆ ಬರೆದುಕೊಳ್ಳಬಾರದು ಅನ್ನೋದು ಆಗ ತಲೆಗೆ ಹೋಗುತ್ತದೆ.

ತಾರೀಕು ನೋಡುವುದನ್ನೂ ಕಲಿಸಿ. ಶನಿ ಗ್ರಹಕ್ಕೆ ಎಷ್ಟು ಉಪಗ್ರಹ ಅಂತ ಹುಡುಕಿಸಿ ನೋಡಿ. ಒಂದು ಕಡೆ 62, ಇನ್ನೊಂದು ಕಡೆ 82, ಮತ್ತೊಂದು ಕಡೆ 145 ಅಂತ ಸಿಗುತ್ತದೆ. ಯಾರೂ ಸುಳ್ಳು ಹೇಳಿಲ್ಲ. ಬರೆದ ಹೊತ್ತಿಗೆ ಅಷ್ಟೇ ಗೊತ್ತಿತ್ತು. 2025ರ ಮಾರ್ಚ್‌ನಲ್ಲಿ 128 ಹೊಸ ಉಪಗ್ರಹಗಳು ಸೇರಿ ಲೆಕ್ಕ 274ಕ್ಕೆ ಏರಿತು. ಹಾಗಾಗಿ ಸಂಖ್ಯೆ ಬರೆಯುವಾಗ ಪಕ್ಕದಲ್ಲಿ ಪುಟದ ವರ್ಷವನ್ನೂ ಬರೆದುಕೊಳ್ಳಬೇಕು.

ಚಾಟ್‌ಬಾಟ್‌ಗಳ ಬಗ್ಗೆ ಕೇಳುತ್ತೀರಿ ಅಲ್ವಾ? ಚಾಟ್‌ಜಿಪಿಟಿಯ ನಿಯಮದ ಪ್ರಕಾರವೇ 13 ವರ್ಷಕ್ಕಿಂತ ಚಿಕ್ಕವರು ಅದನ್ನು ಬಳಸುವಂತಿಲ್ಲ. ದೊಡ್ಡವರು ಪಕ್ಕದಲ್ಲಿದ್ದು ಬಳಸಿದರೂ, ಅದು ತಪ್ಪನ್ನೂ ಅದೇ ಧೈರ್ಯದಲ್ಲಿ ಹೇಳುತ್ತದೆ. ಹುಡುಕಲು ಕಲಿಯುತ್ತಿರುವ ವಯಸ್ಸಿನಲ್ಲಿ ಸಿದ್ಧ ಉತ್ತರ ಸಿಕ್ಕಿಬಿಟ್ಟರೆ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ. ಈ ವಯಸ್ಸಿಗೆ ಬೇಡ ಅನ್ನೋದೇ ನನ್ನ ಮಾತು.

ಹಂತ 8: ತನ್ನ ಮಾತಲ್ಲಿ ಬರೆಯಲಿ

ಕಾಪಿ ಮಾಡಬೇಡ ಅಂತ ಬೈದರೆ ಪ್ರಯೋಜನವಿಲ್ಲ. ಕಾಪಿ ಮಾಡಲು ಆಗದಂತೆ ಕೆಲಸವನ್ನು ಜೋಡಿಸಬೇಕು. ದಾರಿ ಸುಲಭ. ಮಗು ಒಂದು ಪ್ಯಾರಾ ಓದಲಿ. ಪರದೆ ತಿರುಗಿಸಿಡಿ. ಈಗ ನಿಮಗೆ ಬಾಯಲ್ಲಿ ಹೇಳಲಿ. ಹೇಳಿದ್ದರಲ್ಲಿ ಮುಖ್ಯ ಪದ ಮಾತ್ರ ನೋಟ್‌ಬುಕ್‌ನಲ್ಲಿ ಬರೆಯಲಿ, ಪೂರ್ತಿ ವಾಕ್ಯ ಬೇಡ.

ಆಕ್ಟೋಪಸ್ ಹೃದಯದ ಬಗ್ಗೆ ಓದಿದ ಮಗುವಿನ ಟಿಪ್ಪಣಿ ಹೀಗಿರಬಹುದು: ‘ಹೃದಯ 3 – ಎರಡು ಕಿವಿರಿಗೆ – ಒಂದು ಮೈಗೆ. ಈಜುವಾಗ ಮೈಯದ್ದು ನಿಲ್ಲುತ್ತೆ – ಸುಸ್ತು – ತೆವಳೋದೇ ಇಷ್ಟ. ರಕ್ತ ನೀಲಿ – ತಾಮ್ರ.’ ಇಷ್ಟೇ. ಮಾರನೇ ದಿನ ಈ ಪದಗಳನ್ನು ನೋಡಿಕೊಂಡು ವಾಕ್ಯ ಕಟ್ಟಲಿ. ಆಗ ಬರುವುದು ಮಗುವಿನದೇ ಮಾತು. ‘ಆಕ್ಟೋಪಸ್ ಈಜಿದರೆ ಅದರ ಒಂದು ಹೃದಯ ನಿಂತುಹೋಗುತ್ತದೆ, ಅದಕ್ಕೆ ಅದಕ್ಕೆ ಬೇಗ ಸುಸ್ತಾಗುತ್ತದೆ’ ಅಂತ ಬರೆದರೆ ‘ಅದಕ್ಕೆ’ ಎರಡು ಸಲ ಬಂತು ಅಂತ ತಿದ್ದಲು ಹೋಗಬೇಡಿ. ವಿಷಯ ಹಿಡಿದಿದೆ, ಅದು ದೊಡ್ಡದು.

ಒಂದು ಸಣ್ಣ ಪರೀಕ್ಷೆ ಕೊಡುತ್ತೇನೆ. ಮಗು ಬರೆದ ವಾಕ್ಯದಲ್ಲಿ ಯಾವುದಾದರೂ ಪದ ತೋರಿಸಿ ‘ಇದರ ಅರ್ಥ ಏನು?’ ಅಂತ ಕೇಳಿ. ಹೇಳಲು ಬರದಿದ್ದರೆ ಆ ಪದ ಮಗುವಿನದಲ್ಲ. ಹೊಡೆದುಹಾಕಿ, ಗೊತ್ತಿರುವ ಪದ ಹಾಕಲಿ.

ಎಲ್ಲಿ ಓದಿದ್ದು ಅನ್ನೋದನ್ನು ಮೊದಲ ದಿನದಿಂದಲೇ ಬರೆಸಿ. ಚಿಕ್ಕವರಿಗೆ ತಾಣದ ಹೆಸರು ಸಾಕು. ನಾಲ್ಕನೇ ಕ್ಲಾಸಿನಿಂದ ಪುಟದ ಹೆಸರು, ನೋಡಿದ ತಾರೀಕು ಸೇರಿಸಿ. ‘ಗೂಗಲ್’ ಅಂತ ಬರೆದರೆ ಒಪ್ಪಬೇಡಿ. ಗೂಗಲ್ ಪುಟ ತೋರಿಸಿತು ಅಷ್ಟೇ, ಬರೆದವರು ಬೇರೆ.

ಚಿತ್ರ ಬೇಕಾದರೆ ವಿಕಿಮೀಡಿಯ ಕಾಮನ್ಸ್‌ಗೆ ಹೋಗಿ. ಹತ್ತು ಕೋಟಿಗೂ ಮೀರಿ ಫೈಲುಗಳಿವೆ, ಮರುಬಳಕೆಗೆ ಅನುಮತಿ ಇರುವಂಥವು. ಪ್ರತಿ ಚಿತ್ರದ ಕೆಳಗೆ ತೆಗೆದವರ ಹೆಸರು, ಪರವಾನಗಿ ಇರುತ್ತದೆ. ಆ ಹೆಸರನ್ನು ಚಿತ್ರದ ಅಡಿಯಲ್ಲಿ ಬರೆಸಿ. ಅದಕ್ಕಿಂತಲೂ ಒಳ್ಳೆಯದು ಮಗು ತಾನೇ ಬರೆದ ಚಿತ್ರ. ಮೂರು ಹೃದಯ ಎಲ್ಲಿವೆ ಅಂತ ಬಿಡಿಸಿ ತೋರಿಸಬೇಕಾದರೆ ಅರ್ಥವಾಗಿರಲೇಬೇಕು.

ಹಂತ 9: ಕಾವಲು

ಇದರ ಬಗ್ಗೆ ಹೆಚ್ಚು ಹೇಳಲು ಹೋಗುವುದಿಲ್ಲ. ಮೂರು ಮಾತು. ಪೂರ್ತಿ ಹೆಸರು, ಶಾಲೆ, ಫೋನ್ ನಂಬರ್ ಎಲ್ಲೂ ಹಾಕಬಾರದು. ದೊಡ್ಡ ಹಸಿರು ‘ಡೌನ್‌ಲೋಡ್’ ಬಟನ್ ಎಷ್ಟೋ ಸಲ ಜಾಹೀರಾತು, ಒತ್ತುವ ಮುಂಚೆ ಕೇಳಬೇಕು. ಖಾತೆ ಬೇಕೇಬೇಕು ಅಂದರೆ ದೊಡ್ಡವರ ಇಮೇಲ್‌ನಿಂದ ದೊಡ್ಡವರೇ ತೆರೆಯಬೇಕು. 13 ವರ್ಷ ಆಗಿದೆಯಾ ಅಂತ ಎಷ್ಟೋ ತಾಣಗಳು ಕೇಳುವುದು ಮಕ್ಕಳ ಮಾಹಿತಿ ಸಂಗ್ರಹಿಸುವುದರ ಬಗ್ಗೆ 1998ರಲ್ಲಿ ಅಮೆರಿಕ ಮಾಡಿದ ಕಾನೂನಿನಿಂದ. ಸುಳ್ಳು ವಯಸ್ಸು ಹಾಕಿ ಒಳಗೆ ಹೋದರೆ ಆ ತಾಣದ ಪಾಲಿಗೆ ನಿಮ್ಮ ಮಗು ದೊಡ್ಡವರೇ. ಜಾಹೀರಾತೂ ಹಾಗೇ ಬರುತ್ತವೆ.

ಕೆಟ್ಟದ್ದೇನಾದರೂ ಕಂಡರೆ ಪರದೆ ಮುಚ್ಚಿ ಬಂದು ಹೇಳು, ಬೈಯಲ್ಲ ಅಂತ ಮೊದಲೇ ಹೇಳಿಡಿ. ಹೇಳಿದಾಗ ನಿಜಕ್ಕೂ ಬೈಯಬೇಡಿ.

ಹಂತ 10: ನೆಟ್ ಇಲ್ಲದಿದ್ದರೆ

ನೆಟ್‌ವರ್ಕ್ ಸರಿಯಿಲ್ಲದ ಕಡೆ, ಇಲ್ಲವೇ ಇಡೀ ತರಗತಿಗೆ ಒಂದೇ ಕಂಪ್ಯೂಟರ್ ಇರುವ ಕಡೆ ಕೂಡ ಇದೆಲ್ಲ ಆಗುತ್ತದೆ. ಕಿವಿಕ್ಸ್ ಅನ್ನೋ ಉಚಿತ ಆ್ಯಪ್ ಇದೆ. ನೆಟ್ ಸಿಕ್ಕಾಗ ವಿಕಿಪೀಡಿಯವನ್ನು ಒಂದೇ ಫೈಲ್ ಆಗಿ ಇಳಿಸಿಕೊಂಡರೆ ಆಮೇಲೆ ನೆಟ್ ಇಲ್ಲದೆ ಓದಬಹುದು, ಹುಡುಕಲೂಬಹುದು. ಪೂರ್ತಿ ಇಂಗ್ಲಿಷ್ ವಿಕಿಪೀಡಿಯ ಚಿತ್ರ ಸಮೇತ 100 ಜಿಬಿ ಆಸುಪಾಸು ಆಗುತ್ತದೆ, ಅದು ಬೇಡ. ಸಿಂಪಲ್ ಇಂಗ್ಲಿಷ್, ಕನ್ನಡ ಎರಡೂ ತುಂಬಾ ಚಿಕ್ಕವು. ಚಿತ್ರ ಇಲ್ಲದ ಫೈಲ್ ಆರಿಸಿದರೆ ಇನ್ನೂ ಚಿಕ್ಕದು, ಆದರೆ ಮಕ್ಕಳಿಗೆ ಚಿತ್ರ ಇರುವುದೇ ಇರಲಿ.

ಶಾಲೆಯಲ್ಲಿ ಹಲವು ಸಾಧನಗಳಿದ್ದರೆ ಕೊಲಿಬ್ರಿ ಅನ್ನೋ ಉಚಿತ ತಂತ್ರಾಂಶ ನೋಡಿ. ಒಂದು ಕಂಪ್ಯೂಟರ್‌ನಲ್ಲಿ ಪಾಠ, ಕಥೆ, ಖಾನ್ ಅಕಾಡೆಮಿಯ ವಿಡಿಯೊಗಳನ್ನು ತುಂಬಿಟ್ಟರೆ ಅದೇ ಕೋಣೆಯ ವೈಫೈ ಮೂಲಕ ಉಳಿದ ಸಾಧನಗಳಲ್ಲಿ ತೆರೆಯುತ್ತದೆ. ಹೊರಗಿನ ಇಂಟರ್ನೆಟ್ ಬೇಕಾಗಿಲ್ಲ. ಸ್ಟೋರಿವೀವರ್‌ನ ಪುಸ್ತಕಗಳನ್ನು ಪಿಡಿಎಫ್ ಮಾಡಿ ಮಟ್ಟದ ಪ್ರಕಾರ ನಾಲ್ಕು ಫೋಲ್ಡರ್‌ನಲ್ಲಿ ಪೆನ್‌ಡ್ರೈವ್‌ಗೆ ಹಾಕಿಡಿ. ಫೈಲ್‌ನ ಹೆಸರನ್ನು ಕನ್ನಡದಲ್ಲೇ, ಕಥೆಯ ಹೆಸರಿನಿಂದಲೇ ಬರೆಯಿರಿ, ಮಕ್ಕಳೇ ಓದಿ ಆರಿಸಿಕೊಳ್ಳುತ್ತಾರೆ. ಇನ್ನು ಕಂಪ್ಯೂಟರ್ ಒಂದೇ ಇದ್ದರೆ ಹಂತ 4ನ್ನು ಇಡೀ ತರಗತಿ ಹಾಳೆಯ ಮೇಲೆ ಮಾಡಲಿ. ಪ್ರಶ್ನೆ, ಗೆರೆ ಎಳೆದ ಪದ ಎರಡೂ ಸಿದ್ಧವಿರುವ ಗುಂಪು ಮಾತ್ರ ಕಂಪ್ಯೂಟರ್ ಮುಂದೆ ಬರಬೇಕು. ಸರತಿ ಬೇಗ ಸಾಗುತ್ತದೆ, ಬಂದವರಿಗೆ ಏನು ಹುಡುಕಬೇಕು ಅಂತಲೂ ಗೊತ್ತಿರುತ್ತದೆ.